ಜೀವನೆಲೆಗಳ ಜೋಡಣೆ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆ

ಕಾಡು, ಹುಲ್ಲುಗಾವಲು, ಕೆರೆ, ಹೊಳೆ ಮೊದಲಾದ ನೈಸರ್ಗಿಕ ನೆಲೆಗಳ ನಡುವೆ ಜೀವಿಗಳ ಓಡಾಟಕ್ಕೆ ದಾರಿ ಉಳಿಸುವುದಕ್ಕೂ ಕಡಿದುಹೋದ ದಾರಿಯನ್ನು ಮತ್ತೆ ಕೂಡಿಸುವುದಕ್ಕೂ ಜೀವನೆಲೆಗಳ ಜೋಡಣೆ ಎಂದು ಹೆಸರು. ಒಂದು ನೆಲೆ ಎಷ್ಟೇ ಸಮೃದ್ಧವಾಗಿದ್ದರೂ ಸುತ್ತಲಿನಿಂದ ಬೇರ್ಪಟ್ಟು ಒಂಟಿಯಾದರೆ ಕ್ರಮೇಣ ಬಡವಾಗುತ್ತದೆ. ಅಲ್ಲಿನ ಪ್ರಾಣಿಗಳು ಸಣ್ಣ ಗುಂಪಿನೊಳಗೇ ಕೂಡಿ ಮರಿಮಾಡಬೇಕಾಗುತ್ತದೆ. ಬರವೋ ಬೆಂಕಿಯೋ ರೋಗವೋ ಬಂದರೆ ಬೇರೆಡೆ ಹೋಗಲು ದಾರಿಯಿಲ್ಲ. ಒಮ್ಮೆ ಅಳಿದರೆ ಹೊರಗಿನಿಂದ ಬಂದು ಮತ್ತೆ ನೆಲೆಸುವವರೂ ಇಲ್ಲ. ಈ ಕಾರಣದಿಂದ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ ಸಂರಕ್ಷಣೆಯ ಚಿಂತನೆ ಒಂದೊಂದು ಅಭಯಾರಣ್ಯಕ್ಕೆ ಬೇಲಿ ಹಾಕುವುದರಿಂದ ಅವುಗಳ ನಡುವಿನ ನೆಲದ ಕಡೆಗೆ ತಿರುಗಿದೆ.

ಮಂಡ್ಯ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗದ ಈ ನಾಲ್ಕು ತಾಲ್ಲೂಕುಗಳಿಗೆ ಯಾವ ದೇಶದ ಗಡಿಯೂ ತಾಗಿಲ್ಲ. ಆದರೂ ಚಳಿಗಾಲದಲ್ಲಿ ಇಲ್ಲಿನ ಕೆರೆ, ಗದ್ದೆ, ಕಾವಲುಗಳಲ್ಲಿ ಮೇಯುವ ಹಲವು ಹಕ್ಕಿಗಳ ಹುಟ್ಟೂರು ಮಂಗೋಲಿಯ, ಟಿಬೆಟ್, ಕಜಕಿಸ್ತಾನ, ಸೈಬೀರಿಯಗಳಲ್ಲಿದೆ. ಕಾವೇರಿ ಮತ್ತು ಹೇಮಾವತಿ ನದಿಗಳು ಈ ಬಯಲನ್ನು ಪಶ್ಚಿಮ ಘಟ್ಟಕ್ಕೂ ಬಂಗಾಳ ಕೊಲ್ಲಿಗೂ ಕಟ್ಟಿಹಾಕಿವೆ. ದೇಶದೇಶಗಳ ನಡುವಿನ ಜೋಡಣೆ ಕೊನೆಗೆ ಎಷ್ಟು ಸಣ್ಣ ತುಣುಕುಗಳ ಮೇಲೆ ನಿಂತಿದೆ ಎಂಬುದನ್ನು ನೋಡಲು ಈ ಸೀಮೆ ಒಳ್ಳೆಯ ನಿದರ್ಶನ.

ಪರಿಕಲ್ಪನೆ ಮತ್ತು ಜಾಗತಿಕ ಹಿನ್ನೆಲೆ

ಉತ್ತರ ಅಮೆರಿಕದಲ್ಲಿ ಯೆಲ್ಲೊಸ್ಟೋನ್‌ನಿಂದ ಕೆನಡಾದ ಯೂಕಾನ್‌ವರೆಗಿನ ಪರ್ವತಸಾಲನ್ನು ಒಂದೇ ನೆಲೆಯಾಗಿ ಕಾಣುವ ಪ್ರಯತ್ನ 1993ರಲ್ಲಿ ಆರಂಭವಾಯಿತು. ಯುರೋಪಿನಲ್ಲಿ ಶೀತಲ ಸಮರದ ಕಾಲದ ಬಿಗಿ ಗಡಿಯುದ್ದಕ್ಕೂ ಜನಸಂಚಾರವಿಲ್ಲದೆ ಉಳಿದಿದ್ದ ಪಟ್ಟಿ ಈಗ ಯುರೋಪಿಯನ್ ಹಸಿರು ಪಟ್ಟಿ ಎನಿಸಿಕೊಂಡಿದೆ. ಆಫ್ರಿಕದಲ್ಲಿ ಅಂಗೋಲ, ಬೋಟ್ಸ್ವಾನ, ನಮೀಬಿಯ, ಜಾಂಬಿಯ, ಜಿಂಬಾಬ್ವೆ ಎಂಬ ಐದು ದೇಶಗಳು 2011ರಲ್ಲಿ ಒಪ್ಪಂದ ಮಾಡಿಕೊಂಡು ಕವಾಂಗೊ–ಜಾಂಬೆಜಿ ಸಂರಕ್ಷಣಾ ಪ್ರದೇಶವನ್ನು ರೂಪಿಸಿದವು. ಭಾರತ ಮತ್ತು ನೇಪಾಳದ ನಡುವಿನ ತೆರಾಯ್ ಕಮಾನು, ಭಾರತ ಮತ್ತು ಭೂತಾನದ ನಡುವಿನ ಮಾನಸ್ ಕಾಡುಗಳು ನಮ್ಮ ಉಪಖಂಡದ ಉದಾಹರಣೆಗಳು.

ಇವೆಲ್ಲ ಒಂದಕ್ಕೊಂದು ತಾಗಿದ ನೆಲದ ಜೋಡಣೆಗಳು. ಎಲ್ಲ ಜೀವಿಗಳಿಗೂ ಇಂಥ ಜೋಡಣೆಯೇ ಬೇಕೆಂದಿಲ್ಲ. ಆನೆಗೆ ಕಾಡಿನ ಪಟ್ಟಿ ಬೇಕು, ಮೀನಿಗೆ ತಡೆಯಿಲ್ಲದ ಹೊಳೆ ಬೇಕು. ಬಾತಿಗೆ ವಲಸೆಯ ದಾರಿಯಲ್ಲಿ ಇಳಿದು ತಂಗಲು ನೂರಾರು ಕಿಲೋಮೀಟರಿಗೊಂದು ನೀರಿನ ತಾಣವಿದ್ದರೆ ಸಾಕು. ನಡುವೆ ಏನಿದ್ದರೂ ಅದು ಹಾರಿ ದಾಟುತ್ತದೆ. ಯಾವ ಜೀವಿಗೆ ಎಂಥ ದಾರಿ ಎಂದು ಕೇಳದೆ ನಕ್ಷೆಯ ಮೇಲೆ ಗೆರೆ ಎಳೆದರೆ ಆ ಗೆರೆಯಿಂದ ಪ್ರಯೋಜನವಿಲ್ಲ. ಮಂಡ್ಯದ ಈ ಭಾಗದಲ್ಲಿ ಮೂರು ಬಗೆಯ ಜೋಡಣೆಗಳೂ ಒಂದರ ಮೇಲೊಂದು ಹಾಯ್ದಿವೆ: ಆಕಾಶದ್ದು, ನೀರಿನದು, ಒಣನೆಲದ್ದು.

ಮಧ್ಯ ಏಷ್ಯಾ ವಲಸೆಹಾದಿ

ಆರ್ಕ್ಟಿಕ್ ತೀರದಿಂದ ಹಿಂದೂ ಮಹಾಸಾಗರದ ದ್ವೀಪಗಳವರೆಗೆ ಸುಮಾರು 30 ದೇಶಗಳ ಮೇಲೆ ಹರಡಿರುವ ಹಕ್ಕಿಗಳ ದಾರಿಗೆ ಮಧ್ಯ ಏಷ್ಯಾ ವಲಸೆಹಾದಿ ಎಂಬ ಹೆಸರಿದೆ. ಭಾರತ ಇದರ ದಕ್ಷಿಣ ತುದಿಯ ದೊಡ್ಡ ಚಳಿಗಾಲದ ನೆಲೆ. ವಲಸೆ ಜೀವಿಗಳ ರಕ್ಷಣೆಗೆಂದು 1979ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆದ ಒಪ್ಪಂದಕ್ಕೆ ಭಾರತ 1983ರಿಂದ ಸದಸ್ಯ. ಈ ಹಾದಿಯ ನೀರಹಕ್ಕಿಗಳಿಗಾಗಿ 2005ರಲ್ಲಿ ಹೊಸದಿಲ್ಲಿಯಲ್ಲಿ ಸೇರಿದ ದೇಶಗಳು ಕ್ರಿಯಾಯೋಜನೆಯೊಂದನ್ನು ಅಂತಿಮಗೊಳಿಸಿದವು. 2018ರಿಂದ 2023ರವರೆಗಿನ ಅವಧಿಗೆ ಭಾರತ ತನ್ನದೇ ರಾಷ್ಟ್ರೀಯ ಯೋಜನೆಯನ್ನೂ ಹೊರಡಿಸಿತು. ಬಾನ್ ಒಪ್ಪಂದದ ಸದಸ್ಯ ದೇಶಗಳು 2020ರಲ್ಲಿ ಗಾಂಧಿನಗರದಲ್ಲಿ ಸಭೆ ಸೇರಿದವು. 2024ರ ಫೆಬ್ರವರಿಯಲ್ಲಿ ಉಜ್ಬೇಕಿಸ್ತಾನದ ಸಮರ್ಕಂಡ್‌ನಲ್ಲಿ ನಡೆದ ಮುಂದಿನ ಸಭೆ ಈ ಹಾದಿಗಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ಒಪ್ಪಿ, ಅದರ ಸಮನ್ವಯ ಘಟಕ ಭಾರತದಲ್ಲಿರಬೇಕೆಂದು ತೀರ್ಮಾನಿಸಿತು.

ಈ ಹಾದಿಯ ಅತ್ಯಂತ ಹೆಸರಾಂತ ಪಯಣಿಗ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಬಾತು ಮಂಗೋಲಿಯ, ಟಿಬೆಟ್ ಪ್ರಸ್ಥಭೂಮಿ, ಲಡಾಖ್‌ನ ಎತ್ತರದ ಸರೋವರಗಳ ದಂಡೆಯಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತದೆ. ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನದಲ್ಲಿ ಅದರ ಹಾರಾಟ 7,290 ಮೀಟರ್ ಎತ್ತರದವರೆಗೆ ದಾಖಲಾಗಿದೆ. ಅನುಕೂಲದ ಗಾಳಿಗೆ ಕಾಯದೆ, ಗಾಳಿ ತಣ್ಣಗೂ ಸಾಂದ್ರವಾಗಿಯೂ ಇರುವ ರಾತ್ರಿ ಮತ್ತು ಬೆಳಗಿನ ಜಾವದಲ್ಲಿ, ಕಣಿವೆಗಳ ಏರಿಳಿತ ಹಿಡಿದು ರೆಕ್ಕೆ ಬಡಿಯುತ್ತಲೇ ಮೇಲೇರುವುದು ಅದರ ಕ್ರಮ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ರಕ್ತ ಅದಕ್ಕೆ ನೆರವಾಗುತ್ತದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆ ಅದರ ಹೆಸರುವಾಸಿ ತಂಗುದಾಣಗಳು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಗಲಿನಲ್ಲಿ ನೀರಲ್ಲಿ ವಿರಮಿಸಿ, ಸಂಜೆ ಮತ್ತು ರಾತ್ರಿ ಸುತ್ತಲಿನ ಕೂಳೆಗದ್ದೆ, ಹೊಲಗಳಿಗಿಳಿದು ಮೇಯುವ ಈ ಹಕ್ಕಿಗೆ ಕೆರೆಯೊಂದೇ ಉಳಿದರೆ ಸಾಲದು. ಸುತ್ತಲ ಹೊಲವೂ, ರಾತ್ರಿ ಹಕ್ಕಿಯನ್ನು ಬೆದರಿಸದ ರೈತನೂ ಅದರ ನೆಲೆಯ ಭಾಗಗಳೇ.

ಬಾತಿನ ಗಾತ್ರದಿಂದಾಗಿ ಅದು ಕಣ್ಣಿಗೆ ಬೀಳುತ್ತದೆ. ಹತ್ತು ಗ್ರಾಮಿಗಿಂತ ಹಗುರವಾದ ಹಸಿರು ಉಲಿಯಕ್ಕಿ ಸೈಬೀರಿಯದ ಕಾಡುಗಳಿಂದ ಬಂದು ಊರ ಹೊಂಗೆ, ಮಾವಿನ ಮರಗಳಲ್ಲಿ ಚಳಿಗಾಲ ಕಳೆದು ಹೋಗುವುದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ನಾಲೆಯಂಚಿನಲ್ಲಿ ಬಾಲ ಕುಣಿಸುವ ಸಿಪಿಲೆಗಳು, ಜೋಳದ ಹೊಲಕ್ಕೆ ಹಿಂಡುಹಿಂಡಾಗಿ ಎರಗುವ ಗುಲಾಬಿ ಕಬ್ಬಕ್ಕಿಗಳೂ ಹೀಗೆ ದೂರದಿಂದ ಬಂದವು. ಕೀಟಗಳಲ್ಲೂ ಇಂಥ ಪಯಣಿಗರಿದ್ದಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಯಲಿನ ಮೇಲೆ ಮೋಡದಂತೆ ಹಾರುವ ಹೊನ್ನಿನ ಬಣ್ಣದ ಏರೋಪ್ಲೇನ್ ಚಿಟ್ಟೆಗಳು ದಕ್ಷಿಣ ಭಾರತದಿಂದ ಮಾಲ್ಡೀವ್ಸ್ ಮೇಲೆ ಹಾದು ಪೂರ್ವ ಆಫ್ರಿಕಕ್ಕೆ ಸಾಗುತ್ತವೆ ಎಂದು ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಅವು ಮೊಟ್ಟೆಯಿಡುವುದು ಮಳೆನೀರಿನ ಗುಂಡಿಗಳಲ್ಲಿ.

ರಂಗನತಿಟ್ಟು

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪ್ರಕೃತಿ ತಾನಾಗಿ ಮಾಡಿದ ನೆಲೆಯಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645–48ರ ನಡುವೆ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ನೀರು ನಿಂತು ಇಲ್ಲಿನ ನಡುಗಡ್ಡೆಗಳು ಮೂಡಿದವು. ಗದ್ದೆಗೆ ನೀರು ತಿರುಗಿಸಲೆಂದು ಕಟ್ಟಿದ್ದು ಹಕ್ಕಿಗಳಿಗೆ ನೀರು ಸುತ್ತುವರಿದ ಕೋಟೆಯಾಯಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಪಕ್ಷಿತಜ್ಞ ಸಾಲಿಂ ಅಲಿ ಇದರ ಮಹತ್ವವನ್ನು ಗುರುತಿಸಿ ಒತ್ತಾಯಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು.

ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಕೆಂಬರಲು, ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ, ನದಿ ರೀವ ಇಲ್ಲಿ ಗೂಡು ಕಟ್ಟುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ನೀರುನಾಯಿಗಳು ಗುಂಪಾಗಿ ಮೀನು ಬೇಟೆಯಾಡುತ್ತವೆ. ಗೂಡು ಕಟ್ಟುವ ಈ ಹಕ್ಕಿಗಳಲ್ಲಿ ಹೆಚ್ಚಿನವು ಪರದೇಶದವಲ್ಲ, ಉಪಖಂಡದೊಳಗೇ ನೀರು, ಮೀನು ನೋಡಿಕೊಂಡು ಊರೂರು ಅಲೆಯುವವು. ರಂಗನತಿಟ್ಟಿನಲ್ಲಿ ಕಂಡದ್ದೆಲ್ಲ ಸೈಬೀರಿಯದ ಹಕ್ಕಿ ಎಂದು ಪ್ರವಾಸಿಗರಿಗೆ ಹೇಳುವ ರೂಢಿಯಿಂದ ಈ ಒಳನಾಡಿನ ಅಲೆಮಾರಿಗಳಿಗೆ ಅನ್ಯಾಯವಾಗುತ್ತದೆ. ಅವುಗಳ ಬದುಕು ರಂಗನತಿಟ್ಟಿನ ಮರಗಳಿಗಿಂತಲೂ ಸುತ್ತಲಿನ ಕೆರೆಗಳನ್ನು ನೆಚ್ಚಿಕೊಂಡಿದೆ.

2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್‌ಸಾರ್ ತಾಣವಾಯಿತು. ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಜೌಗುನೆಲಗಳ ಒಪ್ಪಂದದಡಿ ಅಂತಾರಾಷ್ಟ್ರೀಯ ಮಹತ್ವದ ತಾಣವೆಂಬ ಮನ್ನಣೆ ಇದು. ರಾಮ್‌ಸಾರ್ ವಿವರಗಳ ಪ್ರಕಾರ ಇಲ್ಲಿ 225ಕ್ಕೂ ಹೆಚ್ಚು ಬಗೆಯ ಹಕ್ಕಿಗಳೂ 69 ಬಗೆಯ ಮೀನುಗಳೂ ಇವೆ. ಜಗತ್ತಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಕೆಂಬರಲುಗಳಲ್ಲಿ ತಲಾ ಶೇ. 1ಕ್ಕಿಂತ ಹೆಚ್ಚಿನ ಪಾಲಿಗೆ ಇದು ಆಸರೆ. ಪಕ್ಷಿಧಾಮದ ವಿಸ್ತೀರ್ಣ ಕೇವಲ 67 ಹೆಕ್ಟೇರ್, ರಾಮ್‌ಸಾರ್ ತಾಣದ್ದು ಸುಮಾರು 518 ಹೆಕ್ಟೇರ್. ಈ ಅಂತರದಲ್ಲಿ ಒಂದು ದೊಡ್ಡ ತಿಳಿವಳಿಕೆಯಿದೆ: ಗೂಡಿನ ಮರಗಳನ್ನು ಕಾದರೆ ಹಕ್ಕಿಯನ್ನು ಕಾದಂತಾಗುವುದಿಲ್ಲ, ಅದನ್ನು ಸಾಕುವ ಹೊಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರ ಪಕ್ಷಿಧಾಮ ಇವೂ ಈ ಪಟ್ಟಿಗೆ ಸೇರಿದವು.

ರಂಗನತಿಟ್ಟಿನ ಮೇಲಕ್ಕೆ, ಹತ್ತಿರದಲ್ಲೇ, ಕನ್ನಂಬಾಡಿ ಅಣೆಕಟ್ಟೆಯಿದೆ. ಕೃಷ್ಣರಾಜಸಾಗರವೆಂದೂ ಕರೆಯುವ, 1911ರಲ್ಲಿ ಕೆಲಸ ಶುರುವಾದ ಈ ಅಣೆಕಟ್ಟೆಯ ಪೂರ್ಣಮಟ್ಟ 124.80 ಅಡಿ. ಮುಂಗಾರು ಜೋರಾಗಿ ಅಣೆಕಟ್ಟೆಯಿಂದ ಒಮ್ಮೆಲೇ ಹೆಚ್ಚು ನೀರು ಬಿಟ್ಟಾಗ ನಡುಗಡ್ಡೆಗಳು ಮುಳುಗುತ್ತವೆ, ಮಣ್ಣು ಕೊಚ್ಚಿಹೋಗುತ್ತದೆ, ತಗ್ಗಿನ ಗೂಡುಗಳು ಹೋಗುತ್ತವೆ. 2018, 2019ರ ಮಳೆಗಾಲಗಳಲ್ಲಿ ಹೀಗಾಯಿತು. ಬರಿಬಂಡೆಯ ಮೇಲೆ ಮೊಟ್ಟೆಯಿಡುವ ನದಿ ರೀವಕ್ಕೆ ನೀರು ಸ್ವಲ್ಪ ಏರಿದರೂ ಅಪಾಯವೇ. ಅರಣ್ಯ ಇಲಾಖೆ ಮರಳಿನ ಮೂಟೆಗಳನ್ನು ಜೋಡಿಸಿ ನಡುಗಡ್ಡೆಗಳ ಅಂಚನ್ನು ಗಟ್ಟಿಮಾಡುತ್ತ ಬಂದಿದೆ. ಆದರೆ ನಡುಗಡ್ಡೆಯ ಆಯುಸ್ಸು ನಿರ್ಧಾರವಾಗುವುದು ಅಣೆಕಟ್ಟೆಯ ಗೇಟುಗಳಲ್ಲಿ. ನೀರನ್ನು ಹಂತಹಂತವಾಗಿ ಬಿಡುವುದು ಸಾಧ್ಯವಿದ್ದ ಕಡೆಯೆಲ್ಲ ಹಕ್ಕಿಗಳ ಲೆಕ್ಕ ನೀರಾವರಿ ಲೆಕ್ಕದೊಳಗೆ ಬರಬೇಕು.

ಹೊಳೆಯ ದಾರಿ

ಹೇಮಾವತಿ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಮಂದಗೆರೆ, ಹೇಮಗಿರಿಗಳ ಕಟ್ಟೆಗಳನ್ನು ದಾಟಿ, ಅಕ್ಕಿಹೆಬ್ಬಾಳಿನ ಬಳಿ ಹಾದು ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕೊಡಗಿನ ಲಕ್ಷ್ಮಣತೀರ್ಥವೂ ಅಲ್ಲಿಯೇ ಕೂಡುತ್ತದೆ. ಅಂಬಿಗರಹಳ್ಳಿ, ಸಂಗಾಪುರದ ಜನ ಇದನ್ನು ತ್ರಿವೇಣಿ ಸಂಗಮವೆಂದು ಪೂಜಿಸುತ್ತಾರೆ. 2022ರಲ್ಲಿ ಇಲ್ಲಿ ಕುಂಭಮೇಳ ನಡೆಯಿತು. ಜೀವವಿಜ್ಞಾನದ ಕಣ್ಣಿನಲ್ಲೂ ಇದು ಸಂಗಮವೇ: ಘಟ್ಟದ ಮೂರು ಕಡೆಯ ನೀರಿನ ಜೀವಿಗಳು ಒಂದಾಗುವ ಜಾಗ. ಅತ್ತ ನಾಗಮಂಗಲ ಸೀಮೆಯಿಂದ ಬರುವ ಲೋಕಪಾವನಿ ಪಾಂಡವಪುರವನ್ನು ಹಾದು ಶ್ರೀರಂಗಪಟ್ಟಣದ ಕರೀಘಟ್ಟದ ಬಳಿ ಕಾವೇರಿಗೆ ಸೇರುತ್ತದೆ. ದೊಡ್ಡ ನದಿಗಳ ಹೆಸರಿನ ಮುಂದೆ ಇದು ಮರೆತುಹೋಗುತ್ತದೆ. ಆದರೂ ಬಯಲುಸೀಮೆಯ ಕುರುಚಲನ್ನು ಕಾವೇರಿಯ ದಂಡೆಗೆ ಕೂಡಿಸುವ ಇಂಥ ಸಣ್ಣ ಹೊಳೆಯ ಇಕ್ಕೆಲದ ಹೊಂಗೆ, ಮತ್ತಿ, ಬಿದಿರು, ಮುಂಡಿಗೆ ಪೊದೆಗಳೇ ಮುಂಗುಸಿ, ಕಾಡುಬೆಕ್ಕು, ನೀರುನಾಯಿಗಳು ಹಳ್ಳಿಗಳ ನಡುವೆ ಓಡಾಡಲು ಉಳಿದ ಮರೆ.

ಹೊಳೆಯ ಜೋಡಣೆ ಹೇಗೆ ಕಡಿಯುತ್ತದೆ ಎಂಬುದಕ್ಕೆ ಕಾವೇರಿಯೇ ಸಾಕ್ಷಿ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿದ ಮೇಲೆ ಸಮುದ್ರದಿಂದ ಹೊಳೆ ಹತ್ತಿ ಬರುತ್ತಿದ್ದ ಹಿಲ್ಸಾ ಮೀನು ಕುಸಿಯಿತು. ಕಾವೇರಿ ಕೊಳ್ಳದಲ್ಲಿ ಮಾತ್ರ ಸಿಗುವ ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಮೀನಿಗೆ ಟಾರ್ ರೇಮಾದೇವಿ ಎಂಬ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದ ಪಟ್ಟಿಗೂ ಸೇರಿತು. ಈ ಮೀನು ಮೊಟ್ಟೆಯಿಡಲು ಮೇಲಿನ ಹರಿವಿಗೆ ಏರಬೇಕು. ಅಣೆಕಟ್ಟೆ, ಮರಳು ತೆಗೆಯುವಿಕೆ, ಸಿಡಿಮದ್ದಿನ ಮೀನುಬೇಟೆ, ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆ ಮಹಶೀರ್‌ನ ಪೈಪೋಟಿ ಇವೆಲ್ಲ ಸೇರಿ ಅದನ್ನು ಮೂಲೆಗೆ ತಳ್ಳಿವೆ. ಹಳೆಯ ಕಾಲದ ತಗ್ಗಿನ ಕಲ್ಲುಕಟ್ಟೆಗಳ ಮೇಲೆ ಮುಂಗಾರಿನಲ್ಲಿ ನೀರು ಉಕ್ಕಿ ಹರಿಯುವಾಗ ಮೀನಿಗೆ ಸ್ವಲ್ಪವಾದರೂ ದಾರಿ ಸಿಗುತ್ತದೆ; ಎತ್ತರದ ಅಣೆಕಟ್ಟೆಯಲ್ಲಿ ಅದಿಲ್ಲ.

ಕೆರೆಗಳು ಮತ್ತು ಹೆಜ್ಜಾರ್ಲೆ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ, ಕನ್ನಂಬಾಡಿಯ ವಿಶಾಲ ಹಿನ್ನೀರು, ನಾಗಮಂಗಲದ ಮಳೆಯಾಶ್ರಿತ ಕೆರೆಗಳು ಒಂದೊಂದೂ ಒಂದೊಂದು ಬಗೆಯವು. ಆಳವಾದ ತೊಣ್ಣೂರು ಕೆರೆ ಬರಗಾಲದಲ್ಲಿ ಆಸರೆ. ಬೇಸಗೆಯಲ್ಲಿ ಕೆಸರಂಚು ಬಿಟ್ಟುಕೊಡುವ ಆಳವಿಲ್ಲದ ಕೆರೆಗಳು ಗೊರವ, ಉಲ್ಲಂಕಿಗಳಂಥ ಕೆಸರುಹಕ್ಕಿಗಳಿಗೆ ಊಟದ ತಟ್ಟೆ. ಎಲ್ಲ ಕೆರೆಯನ್ನೂ ಒಂದೇ ಆಳಕ್ಕೆ ಹೂಳೆತ್ತಿ, ಸುತ್ತ ಕಲ್ಲು ಹೊದಿಸಿ, ನಡಿಗೆಹಾದಿ ಮಾಡುವ ಅಭಿವೃದ್ಧಿಯಿಂದ ನೀರು ಹೆಚ್ಚಬಹುದು. ಕೆಸರಂಚು ಮಾತ್ರ ಇಲ್ಲವಾಗುತ್ತದೆ. ಹೂಳೆತ್ತುವಾಗ ಒಂದು ಬದಿಯ ಇಳಿಜಾರನ್ನು ಹಾಗೇ ಬಿಡುವುದಕ್ಕೆ ಹೆಚ್ಚಿನ ಹಣ ಬೇಕಿಲ್ಲ.

ಪಕ್ಕದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಬಿಟ್ಟು ಈ ಕೆರೆಗಳ ವಿಷಯ ಪೂರ್ತಿಯಾಗದು. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಹೆಜ್ಜಾರ್ಲೆ ಬಳಗ ಎಂಬ ಊರಿನ ಗುಂಪಿನವರು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬೆಳೆಸಿದರು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಮರಿಗಳಿಗೆ ಮೀನು ತರಲು ತಾಯಿ ಹಕ್ಕಿಗಳು ಹಾರುವುದು ಸುತ್ತಲಿನ ತಾಲ್ಲೂಕುಗಳ ಕೆರೆಗಳಿಗೆ. 2017–18ರಲ್ಲಿ ಅಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತಾಗ ಹೊಟ್ಟೆಯಲ್ಲಿ ಸಿಕ್ಕಿದ್ದು ಮೀನಿನ ಮೂಲಕ ಸೇರುವ ಜಂತುಹುಳು. ಊರವರ ಪ್ರೀತಿ ಮರದ ಬುಡದವರೆಗೆ ಕಾಯಬಲ್ಲದು. ಹತ್ತಾರು ಕಿಲೋಮೀಟರ್ ಆಚೆಯ ಕೆರೆಗೆ ಚರಂಡಿ ನೀರು ಸೇರಿದರೆ ಅದು ಏನೂ ಮಾಡಲಾರದು.

ಒಣನೆಲ: ಬೆಟ್ಟ, ಕುರುಚಲು, ಕಾವಲು

ನೀರಿನ ನೆಲೆಗಳಿಗೆ ಸಿಕ್ಕಷ್ಟು ಗಮನ ಈ ಸೀಮೆಯ ಒಣನೆಲಕ್ಕೆ ಸಿಕ್ಕಿಲ್ಲ. ಕಡತಗಳಲ್ಲಿ ಪಾಳು, ಬಂಜರು ಎಂದು ಬರೆದುಬಿಡುವ ಕುರುಚಲು ಮತ್ತು ಹುಲ್ಲುನೆಲವೇ ತೋಳದ ಮನೆ. ಮೇಲುಕೋಟೆ ದೇವಸ್ಥಾನ ವನ್ಯಜೀವಿಧಾಮವನ್ನು 1974ರಲ್ಲಿ ಮುಖ್ಯವಾಗಿ ತೋಳಗಳಿಗಾಗಿಯೇ ಘೋಷಿಸಲಾಯಿತು. ಪಾಂಡವಪುರ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳಲ್ಲಿ ಹರಡಿರುವ ಅದರ ವಿಸ್ತೀರ್ಣ 49.82 ಚದರ ಕಿಲೋಮೀಟರ್. ಮುದಿಬೆಟ್ಟ ಮತ್ತು ನಾರಾಯಣದುರ್ಗ ಎಂಬ ಎರಡು ಕಾಡುಗಳು ಅದರ ಭಾಗ. ತೋಳದ ಗುಂಪೊಂದಕ್ಕೆ ಓಡಾಡಲು ಬೇಕಾದ ನೆಲ ಇದಕ್ಕಿಂತ ಎಷ್ಟೋ ಹೆಚ್ಚಿರಬಹುದು. ಹೀಗಾಗಿ ವನ್ಯಜೀವಿಧಾಮ ಅದಕ್ಕೆ ಮರಿಹಾಕುವ ಗುಹೆಯಷ್ಟೆ. ಬೇಟೆ, ಸಂಚಾರ, ಜೊತೆಗಾತಿಯ ಹುಡುಕಾಟ ಎಲ್ಲವೂ ಹೊಲ, ಗೋಮಾಳ, ಕಾವಲುಗಳ ಮೇಲೆ. ಕುರಿಮಂದೆಯೊಂದಿಗೆ ಅದರ ಬದುಕು ಹೆಣೆದುಕೊಂಡಿದೆ. ಬಂಡೂರು ಕುರಿಗೆ ಹೆಸರಾದ ಈ ಜಿಲ್ಲೆಯ ಕುರಿಗಾಹಿಗೆ ತೋಳ ನಷ್ಟ ತರುತ್ತದೆ. ಆ ನಷ್ಟಕ್ಕೆ ತಡವಿಲ್ಲದೆ ಪರಿಹಾರ ಸಿಗದಿದ್ದರೆ ತೋಳದ ಉಳಿವಿನ ಮಾತು ಕುರಿಗಾಹಿಯ ಮುಂದೆ ಆಡುವಂಥದ್ದಲ್ಲ.

ಕಾವಲುಗಳ ಚರಿತ್ರೆಗೂ ಶ್ರೀರಂಗಪಟ್ಟಣಕ್ಕೂ ನಂಟಿದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಹೆಸರಿಸಿ ಬೆಳೆಸಿದ. ಸೇನೆಯ ಫಿರಂಗಿ ಎಳೆಯುವ ಎತ್ತುಗಳ ಮೇವಿಗಾಗಿ ಸಂಸ್ಥಾನದುದ್ದಕ್ಕೂ ಹುಲ್ಲುಗಾವಲುಗಳನ್ನು ಕಾದಿರಿಸಲಾಯಿತು. ಋತುವಿಗೆ ತಕ್ಕಂತೆ ಮಂದೆಗಳು ಕಾವಲಿನಿಂದ ಕಾವಲಿಗೆ ನಡೆಯುತ್ತಿದ್ದವು. ಅದರಿಂದ ಉಳಿದುಬಂದ ಹುಲ್ಲುನೆಲಗಳು ಇಂದು ಕಜಕಿಸ್ತಾನದ ಹುಲ್ಲುಗಾವಲಿನಿಂದ ಬರುವ ಸೆಳೆವ ಹಕ್ಕಿಗಳಿಗೆ ಆಸರೆ. ನೆಲಕ್ಕೆ ಸಮೀಪದಲ್ಲೇ ತೇಲುತ್ತ ಮಿಡತೆ ಹಿಡಿಯುವ ಈ ಬೇಟೆಹಕ್ಕಿಗಳು ರಾತ್ರಿ ತಂಗುವುದು ಎತ್ತರದ ಹುಲ್ಲಿನ ನಡುವೆ, ನೆಲದ ಮೇಲೆಯೇ. ಹಸಿರು ಹೆಚ್ಚಿಸುವ ಉತ್ಸಾಹದಲ್ಲಿ ಕಾವಲಿಗೆ ನೀಲಗಿರಿ, ಅಕೇಶಿಯ ನೆಟ್ಟರೆ ಈ ಹಕ್ಕಿಗೆ ಅದು ಮುಚ್ಚಿದ ಬಾಗಿಲು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಅಮೃತ ಮಹಲ್ ಕಾವಲಿಗೆ ಎದುರಾದದ್ದು ಕಲ್ಲುಗಣಿ. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕನ್ನಂಬಾಡಿಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆದದ್ದು ಅಣೆಕಟ್ಟೆಯ ಸುರಕ್ಷತೆಗಾಗಿ. ಬೆಟ್ಟದ ಜೀವಿಗಳಿಗೂ ಅದರಿಂದ ಉಸಿರಾಡಲು ಬಿಡುವು ಸಿಕ್ಕಿತು.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮ 1981ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಕಾಲಭೈರವೇಶ್ವರ ಕ್ಷೇತ್ರದ ಭಕ್ತಿಯ ಆಸರೆಯಲ್ಲಿ ಅಲ್ಲಿ ನವಿಲುಗಳು ನಿರ್ಭಯವಾಗಿವೆ. ಮೇಲುಕೋಟೆ, ಕರೀಘಟ್ಟ, ಕುಂತಿಬೆಟ್ಟ, ಆದಿಚುಂಚನಗಿರಿಗಳನ್ನು ಒಟ್ಟಿಗೆ ನೋಡಿದರೆ ದೇವರಿರುವ ಬೆಟ್ಟಗಳ ಸರಣಿಯೊಂದು ಕಾಣುತ್ತದೆ. ಅವುಗಳ ನಡುವಿನ ಗೋಮಾಳ, ಬೇಲಿಸಾಲು, ಹಳ್ಳಗಳು ಉಳಿದರೆ ಇದು ನರಿ, ಚಿಪ್ಪುಹಂದಿ, ಚಿರತೆಗಳಿಗೆ ಮೆಟ್ಟಿಲುಗಲ್ಲಿನ ದಾರಿ.

ಕಡಿತಗಳು

ಮಾರ್ಚ್ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿ ನಾಗಮಂಗಲದ ಬೆಳ್ಳೂರು ಕ್ರಾಸ್ ಮೂಲಕ ಹಾಯುತ್ತದೆ; ಜೇವರ್ಗಿ–ಚಾಮರಾಜನಗರ ಹೆದ್ದಾರಿ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಉದ್ದಕ್ಕೂ ಹೊಲಿದಿದೆ. ರಸ್ತೆ ಮನುಷ್ಯರ ಊರುಗಳನ್ನು ಹತ್ತಿರ ತಂದಷ್ಟೂ ರಸ್ತೆಯ ಎರಡು ಬದಿಯ ಪ್ರಾಣಿಗಳನ್ನು ದೂರ ಮಾಡಿದೆ. ಹಳ್ಳ ಹಾಯುವ ಮೋರಿಗಳನ್ನು ಅಗಲವಾಗಿ, ದಂಡೆಯಲ್ಲಿ ಒಣಜಾಗ ಬಿಟ್ಟು ಕಟ್ಟಿದರೆ ಸಣ್ಣ ಪ್ರಾಣಿಗಳು ಕೆಳಗಿನಿಂದ ದಾಟುತ್ತವೆ. ಗೂಡಿನ ತಾಣಗಳ ಬಳಿಯ ವಿದ್ಯುತ್ ತಂತಿಗಳು ಹೆಜ್ಜಾರ್ಲೆ, ಕೊಕ್ಕರೆಗಳಂಥ ದೊಡ್ಡ ರೆಕ್ಕೆಯ ಹಕ್ಕಿಗಳ ಪ್ರಾಣಕ್ಕೆ ಕುತ್ತು.

ನಾಲೆಯ ನೀರು ಬಂದಲ್ಲೆಲ್ಲ ಕಬ್ಬು ಬಂತು, ಕಬ್ಬಿನೊಳಗೆ ಚಿರತೆ ಬಂತು. ಆಳೆತ್ತರದ ಬೆಳೆ, ಹತ್ತಿರದಲ್ಲೇ ನೀರು, ಬೀದಿನಾಯಿಗಳ ಆಹಾರ ಇದ್ದಾಗ ಚಿರತೆ ಅಲ್ಲೇ ಮರಿಹಾಕುತ್ತದೆ. ಕಟಾವಿನ ಹೊತ್ತಿಗೆ ಕೂಲಿಯವರಿಗೆ ಮರಿಗಳು ಸಿಕ್ಕಾಗ ಊರಿಗೆ ಊರೇ ಗಾಬರಿಯಾಗುತ್ತದೆ. ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟರೆ ಜಾಗ ಖಾಲಿಯಾಗದು, ಇನ್ನೊಂದು ಚಿರತೆ ಬಂದು ಸೇರುತ್ತದೆ. ಜೋಡಣೆಯ ಬಗ್ಗೆ ಬರೆಯುವವರು ಮರೆಮಾಚಬಾರದ ಸತ್ಯವಿದು: ದಾರಿಗಳು ತೆರೆದಿದ್ದರೆ ಅಪಾಯದ ಪ್ರಾಣಿಯೂ ಅದೇ ದಾರಿಯಲ್ಲಿ ಬರುತ್ತದೆ. ಬೆಳಕು, ಶೌಚಾಲಯ, ಗಟ್ಟಿಯಾದ ಕೊಟ್ಟಿಗೆ, ಗುಂಪಾಗಿ ಕೆಲಸಕ್ಕೆ ಹೋಗುವ ಏರ್ಪಾಡು ಇವು ಸಂರಕ್ಷಣೆಯ ಖರ್ಚಿನಲ್ಲೇ ಸೇರಬೇಕು.

ವ್ಯವಸ್ಥೆ ಮತ್ತು ಕ್ರಮಗಳು

2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಿತವಾದ ಜಾಗತಿಕ ಜೀವವೈವಿಧ್ಯ ಚೌಕಟ್ಟು 2030ರೊಳಗೆ ನೆಲ ಮತ್ತು ನೀರಿನ ಶೇ. 30ರಷ್ಟನ್ನು ಪರಸ್ಪರ ಜೋಡಣೆಯಿರುವ ಸಂರಕ್ಷಿತ ವ್ಯವಸ್ಥೆಯೊಳಗೆ ತರುವ ಗುರಿ ಇಟ್ಟಿದೆ. ಮಂಡ್ಯದಂಥ ಒತ್ತಾಗಿ ಉಳುವ ನೆಲದಲ್ಲಿ ಹೊಸ ಅಭಯಾರಣ್ಯಗಳಿಗೆ ಜಾಗವಿಲ್ಲ. ಇಲ್ಲಿ ಕೈಗೆಟಕುವ ಸಾಧನಗಳು ಬೇರೆ: ಖಾಸಗಿ ಮತ್ತು ಊರ ನೆಲಕ್ಕೆ ಸಮುದಾಯ ಮೀಸಲು, 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಬೇಕಾದ ನಿರ್ವಹಣಾ ಸಮಿತಿ, ಆ ಸಮಿತಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ. ಆ ದಾಖಲಾತಿಯಲ್ಲಿ ಊರ ಕೆರೆಗೆ ಯಾವ ತಿಂಗಳು ಯಾವ ಹಕ್ಕಿ ಬರುತ್ತದೆ, ತೋಳ ಯಾವ ಕಣಿವೆಯಲ್ಲಿ ಮರಿಹಾಕುತ್ತದೆ, ಹೊಳೆಯ ಯಾವ ಮಡುವಿನಲ್ಲಿ ನೀರುನಾಯಿ ಇದೆ ಎಂಬುದು ಊರವರ ಮಾತಿನಲ್ಲೇ ಸೇರಿದರೆ, ಗೋಮಾಳ ಮಂಜೂರಾತಿ ಅಥವಾ ಕಲ್ಲುಗಣಿಯ ಅರ್ಜಿ ಬಂದಾಗ ಪಂಚಾಯಿತಿಗೆ ಎದುರು ಹೇಳಲು ಕಾಗದದ ಬಲವಿರುತ್ತದೆ.

ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ನೀರಹಕ್ಕಿ ಗಣತಿ 1987ರಲ್ಲಿ ಆರಂಭವಾದದ್ದು. ಹವ್ಯಾಸಿ ವೀಕ್ಷಕರು, ವಿದ್ಯಾರ್ಥಿಗಳು, ಅರಣ್ಯ ಸಿಬ್ಬಂದಿ ಒಂದೇ ಅವಧಿಯಲ್ಲಿ ಹಲವು ದೇಶಗಳ ಕೆರೆಗಳಲ್ಲಿ ಹಕ್ಕಿ ಎಣಿಸುತ್ತಾರೆ. ಒಂದು ಕೆರೆಯಲ್ಲಿ ಬಾತು ಕಡಿಮೆಯಾದದ್ದು ಆ ಕೆರೆಯ ದೋಷವೋ, ಅದು ಮರಿಮಾಡುವ ಉತ್ತರದ ಸರೋವರದ್ದೋ ಎಂದು ಬೇರ್ಪಡಿಸಲು ಇಂಥ ಲೆಕ್ಕ ವರ್ಷ ತಪ್ಪದೆ, ಅದೇ ಕೆರೆಗಳಿಂದ ಬರಬೇಕು. ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆ, ಕಾಲೇಜುಗಳು ತಮ್ಮ ಪಕ್ಕದ ಒಂದೊಂದು ಕೆರೆಯನ್ನು ವಹಿಸಿಕೊಂಡರೆ ಸಮರ್ಕಂಡ್‌ನಲ್ಲಿ ಒಪ್ಪಿದ ಕಾರ್ಯಕ್ರಮಕ್ಕೆ ಬೇಕಾದ ಮೂಲ ಮಾಹಿತಿ ಇಲ್ಲಿಂದಲೇ ದೊರೆಯುತ್ತದೆ.